ಗಂಜಾಂನ ತೊಲೆ, ಊಟಿಯ ಚರ್ಚು

ಅಪ್ಪನಿಗೆ ಈಗ ಎಪ್ಪತ್ತೆರಡು. ಐವತ್ತು ವರ್ಷ ಮರಗೆಲಸ ಮಾಡಿದವರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ನಮ್ಮ ಮನೆ. ಗುಂಬಜ್‌ಗೆ ನಡೆದೇ ಹೋಗಬಹುದು. ಚಿಕ್ಕವನಿದ್ದಾಗ ಭಾನುವಾರ ಸಂಜೆ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಗೋರಿ ನೋಡಿ, ತೋಟದಲ್ಲಿ ಕಡಲೆಕಾಯಿ ತಿನ್ನುತ್ತಾ ಕೂತಾಗ, ಪ್ರತಿ ಸಲವೂ ಒಂದು ಮಾತು ಹೇಳೋರು. "ಇಲ್ಲೊಂದು ಅರಮನೆ ಇತ್ತು ಕಣೋ. ಅದರ ಮರ ಎಲ್ಲಾ ಊಟಿ ಚರ್ಚಲ್ಲಿದೆ."

ಆ ಮಾತನ್ನು ಅವರಿಗೆ ಹೇಳಿದ್ದು ಅವರಿಗೆ ಕೆಲಸ ಕಲಿಸಿದ ಮೇಸ್ತ್ರಿ. ಅಪ್ಪ ಊಟಿಗೆ ಹೋಗಿದ್ದರು, ಒಂದೇ ಸಲ, ಮದುವೆಯಾದ ಹೊಸದರಲ್ಲಿ. ಬೊಟಾನಿಕಲ್ ಗಾರ್ಡನ್ ನೋಡಿ, ದೋಣಿಯಲ್ಲಿ ಕೂತು, ವಾಪಸ್ ಬಂದಿದ್ದರು. ಚರ್ಚಿನ ಕಡೆ ಹೋಗೋಕೆ ಆಗಿರಲಿಲ್ಲ. ಆಮೇಲೆ ನಲವತ್ತು ವರ್ಷ ಕೆಲಸದಲ್ಲೇ ಕಳೆದುಹೋಯಿತು. ಈ ಫೆಬ್ರವರಿಯಲ್ಲಿ ನಾನು ಎರಡು ದಿನ ರಜೆ ಹಾಕಿದೆ. ಸುಮ್ನೆ ಹೊರಡೋಣ ಅಂದೆ. ಅಪ್ಪ ಸ್ವೆಟರ್ ಜೊತೆ ತಮ್ಮ ಅಳತೆ ಟೇಪನ್ನೂ ಚೀಲಕ್ಕೆ ಹಾಕಿಕೊಂಡರು.

ಆ ಅರಮನೆಯ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಶ್ರೀರಂಗಪಟ್ಟಣಕ್ಕೆ ಬಂದವರೆಲ್ಲ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ನೋಡುತ್ತಾರೆ, ಗುಂಬಜ್ ನೋಡುತ್ತಾರೆ. ಗುಂಬಜ್ ಇರುವ ತೋಟದ ಹೆಸರು ಲಾಲ್‌ಬಾಗ್. ಬೆಂಗಳೂರಿನ ಲಾಲ್‌ಬಾಗ್ ಬೇರೆ, ಇದು ಬೇರೆ. ಟಿಪ್ಪು ತನ್ನ ತಂದೆ ಹೈದರಾಲಿಗೆ ಗೋರಿ ಕಟ್ಟಿಸಿದ್ದು ಈ ತೋಟದಲ್ಲಿ. ಇಲ್ಲೇ ಟಿಪ್ಪುವಿನ ಲಾಲ್‌ಬಾಗ್ ಅರಮನೆಯೂ ಇತ್ತು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ದರಿಯಾ ದೌಲತ್‌ನಲ್ಲಿ ಬ್ರಿಟಿಷ್ ಕರ್ನಲ್ ವೆಲ್ಲೆಸ್ಲಿ ವಾಸ ಮಾಡಿದ, ಅದು ಉಳಿಯಿತು. ಲಾಲ್‌ಬಾಗ್ ಅರಮನೆಗೆ ಆ ಯೋಗ ಇರಲಿಲ್ಲ. ನಮ್ಮೂರಿನಲ್ಲಿ ಜ್ವರ ಜಾಸ್ತಿಯಾಗಿ ಸೈನಿಕರು ಸಾಯತೊಡಗಿದ ಮೇಲೆ ಬ್ರಿಟಿಷರು 1809ರಲ್ಲಿ ದಂಡನ್ನೇ ಬೆಂಗಳೂರಿಗೆ ಸಾಗಿಸಿದರು. ಊರು ಖಾಲಿಯಾಯಿತು.

ಅದೇ ಜ್ವರದ ಭಯವೇ ಊಟಿಯನ್ನು ಬೆಳೆಸಿತು ಅನ್ನೋದು ನನಗೆ ಯಾವಾಗಲೂ ಕಾಡುವ ವಿಷಯ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿ ಹತ್ತಿದ. ಅಲ್ಲಿನ ಮೂಲನಿವಾಸಿಗಳಾದ ತೋಡರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲು, ತಣ್ಣನೆ ಗಾಳಿ. 1822ರಲ್ಲಿ ಅಲ್ಲಿ ಕಲ್ಲಿನ ಮನೆ ಕಟ್ಟೋಕೆ ಶುರುಮಾಡಿದ. ಸುತ್ತಲಿನ ಜನ ಅದನ್ನು ಕಲ್ ಬಂಗಲೆ ಅಂತಲೇ ಕರೆದರು. ಆಮೇಲೆ ಮದ್ರಾಸ್ ಗವರ್ನರ್ ಸ್ಟೀಫನ್ ಲಷಿಂಗ್ಟನ್ ಬಂದ. ಕಾಯಿಲೆ ಬಿದ್ದ ಸೈನಿಕರು, ಅಧಿಕಾರಿಗಳು ಚೇತರಿಸಿಕೊಳ್ಳೋಕೆ ಇದೇ ಸರಿಯಾದ ಜಾಗ ಅಂತ ಊರನ್ನು ಬೆಳೆಸಿದ. ಜನ ಸೇರಿದರು. ಅವರಿಗೊಂದು ಚರ್ಚು ಬೇಕಾಯಿತು.

ಬೆಳಗ್ಗೆ ಮೈಸೂರಿನಿಂದ ಬಸ್ಸು ಹಿಡಿದೆವು. ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ. ಬಂಡೀಪುರದಲ್ಲಿ ರಸ್ತೆ ಪಕ್ಕ ಒಂದು ಆನೆ, ಮರಿ ಜೊತೆ. ಬಸ್ಸಿನವರೆಲ್ಲ ಫೋನ್ ತೆಗೆದರು. ಅಪ್ಪ ಮಾತ್ರ, "ಇಂಥವೇ ಎಳ್ಕೊಂಡೋಗಿರೋದು ನೋಡು" ಅಂದರು. ತೊಲೆಗಳನ್ನು ಆನೆಗಳಿಂದ ಎಳೆಸಿ ಬೆಟ್ಟ ಹತ್ತಿಸಿದರು ಅಂತ ಊಟಿಯಲ್ಲೂ ಹೇಳುತ್ತಾರೆ, ನಮ್ಮೂರಲ್ಲೂ ಹೇಳುತ್ತಾರೆ. ಗೂಡಲೂರು ದಾಟಿ ಘಾಟಿ ಶುರುವಾದ ಮೇಲೆ ಅಪ್ಪನಿಗೆ ತಲೆ ಸುತ್ತಿತು. ಕಿಟಕಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಪ್ರತಿ ತಿರುವಿನಲ್ಲೂ ಅವರ ಕೈ ಹಿಡಿದುಕೊಂಡು ಕೂತಿದ್ದೆ. ಇವರನ್ನು ಈ ವಯಸ್ಸಲ್ಲಿ ಕರೆತಂದು ತಪ್ಪು ಮಾಡಿದೆನಾ ಅಂತ ನಿಜವಾಗಿಯೂ ಹೆದರಿಕೆಯಾಯಿತು.

ಊಟಿ ಹತ್ತಿರ ಬಂದಾಗ ಒಬ್ಬ ಅಜ್ಜಿ ಹತ್ತಿದರು. ಬಿಳಿ ಬಟ್ಟೆ ಉಟ್ಟು, ತಲೆಗೂ ಬಿಳಿ ವಸ್ತ್ರ ಕಟ್ಟಿದ್ದರು. ಬಡಗರು. ಅಪ್ಪನ ಮುಖ ನೋಡಿ ಏನೋ ಕೇಳಿದರು. ತಮಿಳು ಅಂದುಕೊಂಡು ನಾನು ತಡವರಿಸುತ್ತಿದ್ದರೆ, ಅಪ್ಪ ಕಣ್ಣು ಬಿಟ್ಟು ಉತ್ತರ ಕೊಟ್ಟೇಬಿಟ್ಟರು. ಅಜ್ಜಿ ಮಾತಾಡಿದ್ದು ಬಡಗ. ಕನ್ನಡಕ್ಕೆ ಎಷ್ಟು ಹತ್ತಿರ ಅಂದರೆ, ನಿಧಾನವಾಗಿ ಆಡಿದರೆ ಅರ್ಧಕ್ಕಿಂತ ಜಾಸ್ತಿ ತಿಳಿಯುತ್ತದೆ. ಅವರ ಊರಿಗೂ ಹಟ್ಟಿ ಅಂತಾರೆ. ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬಂದವರು ಅಂದರು. ಬಡಗಲಿಂದ ಬಂದವರು ಬಡಗರು. ಅಜ್ಜಿ ಸೆರಗಿನಿಂದ ಒಂದು ನಿಂಬೆಹಣ್ಣು ತೆಗೆದು ಅಪ್ಪನ ಕೈಗಿಟ್ಟರು. ಅಪ್ಪ ಅದನ್ನು ಮೂಸುತ್ತಾ ಊಟಿವರೆಗೂ ಆರಾಮಾಗಿ ಕೂತರು.

ಚರ್ಚು ಇರೋದು ಮೈಸೂರು ಕಡೆಯ ರಸ್ತೆಯಲ್ಲಿ, ಸ್ವಲ್ಪ ದಿಬ್ಬದ ಮೇಲೆ. ತಿಳಿ ಹಳದಿ ಬಣ್ಣ, ಮುಂದೆ ಚೌಕನೆ ಗೋಪುರ. ಸೇಂಟ್ ಸ್ಟೀಫನ್ಸ್. ದೊಡ್ಡದೇನಲ್ಲ. ನಾವು ಹೋದಾಗ ಬಾಗಿಲು ಹಾಕಿತ್ತು. ಅಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮುಕ್ಕಾಲು ಗಂಟೆ ಕಾದ ಮೇಲೆ ಚರ್ಚು ನೋಡಿಕೊಳ್ಳುವವರು ಬಂದರು. ಊಟಕ್ಕೆ ಹೋಗಿದ್ದರಂತೆ. ಶ್ರೀರಂಗಪಟ್ಟಣದಿಂದ ಬಂದಿದ್ದೇವೆ ಅಂದ ಕೂಡಲೇ ಅವರು ನಕ್ಕು, ಮೇಲಕ್ಕೆ ಬೆರಳು ತೋರಿಸಿ, ಹರಕು ಕನ್ನಡದಲ್ಲಿ "ನಿಮ್ಮ ಊರು ಒಳಗೆ ಇದೆ, ಬನ್ನಿ" ಅಂದರು.

ಒಳಗೆ ತಣ್ಣಗಿತ್ತು. ಮಂದ ಬೆಳಕು. ಬಣ್ಣದ ಗಾಜಿನ ಕಿಟಕಿಗಳಿಂದ ಕೆಂಪು, ನೀಲಿ ಬೆಳಕು ಬೆಂಚುಗಳ ಮೇಲೆ ಬಿದ್ದಿತ್ತು. ಗೋಡೆ ತುಂಬ ಸತ್ತವರ ನೆನಪಿನ ಕಲ್ಲುಗಳು. ನಾನು ಅವನ್ನೆಲ್ಲ ನೋಡುತ್ತಿದ್ದೆ. ಅಪ್ಪ ಯಾವುದನ್ನೂ ನೋಡಲಿಲ್ಲ. ಚಪ್ಪಲಿ ಹೊರಗೇ ಬಿಟ್ಟು ಬಂದಿದ್ದರು. ನಡುವಿನ ದಾರಿಯಲ್ಲಿ ನಿಂತು ತಲೆ ಎತ್ತಿದವರು, ಎತ್ತಿದ ಹಾಗೇ ಇದ್ದರು.

ಮೇಲೆ ಕಪ್ಪಗಿನ ದಪ್ಪ ತೊಲೆಗಳು.

ಎಷ್ಟು ಹೊತ್ತು ಹಾಗೆ ನಿಂತಿದ್ದರೋ. ಆಮೇಲೆ ಹತ್ತಿರ ಕರೆದು ಪಿಸುದನಿಯಲ್ಲಿ ಹೇಳಿದರು. "ತೇಗ. ಪೂರಾ ಚೇಗು. ಒಂದು ಚೂರು ಬಿಳಿ ಭಾಗ ಇಲ್ಲ ನೋಡು. ಎಲ್ಲೂ ಬಾಗಿಲ್ಲ." ಚೇಗು ಅಂದರೆ ಮರದ ಒಳಗಿನ ಗಟ್ಟಿ ಭಾಗ. ಹುಳ ಹಿಡಿಯೋದು ಹೊರಗಿನ ಬಿಳಿ ಭಾಗಕ್ಕೆ. ಹಳೆಯ ಕೆಲಸದವರು ಅದನ್ನು ಪೂರ್ತಿ ಕೆತ್ತಿ ತೆಗೆದು, ಚೇಗನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದರು.

ನಾನು ಓದಿಕೊಂಡಿದ್ದನ್ನು ಅವರಿಗೆ ಹೇಳಿದೆ. 1829ರ ಏಪ್ರಿಲ್ 23ಕ್ಕೆ ಲಷಿಂಗ್ಟನ್ ಅಡಿಗಲ್ಲು ಹಾಕಿದ. ಕಟ್ಟಿಸಿದ್ದು ಕ್ಯಾಪ್ಟನ್ ಜಾನ್ ಜೇಮ್ಸ್ ಅಂಡರ್‌ವುಡ್. 1830ರ ನವೆಂಬರ್ 5ಕ್ಕೆ ಕಲ್ಕತ್ತಾದ ಬಿಷಪ್ ಟರ್ನರ್ ಬಂದು ಪ್ರತಿಷ್ಠೆ ಮಾಡಿದ. ಜನರಿಗೆ ಬಾಗಿಲು ತೆರೆದಿದ್ದು 1831ರ ಈಸ್ಟರ್ ದಿನ, ಏಪ್ರಿಲ್ 3ಕ್ಕೆ. ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು.

"ಒಂದೂವರೆ ವರ್ಷ. ಅದ್ರಲ್ಲಿ ಎರಡು ಮಳೆಗಾಲ. ಹಸಿ ಮರದಲ್ಲಿ ಇದು ಆಗೋ ಕೆಲಸಾನಾ? ಕಡಿದು, ಒಣಗಿಸಿ, ಕೆತ್ತೋ ಹೊತ್ಗೆ ಮೂರು ವರ್ಷ ಬೇಕು. ಒಣಗ್ದೆ ಕೂರಿಸಿದ್ರೆ ತಿರುಚ್ಕೊಳ್ಳುತ್ತೆ. ಅದಕ್ಕೇ ಕಣೋ, ಅರಮನೆ ಬಿಚ್ಚಿ ತಂದವ್ರೆ. ಅಲ್ಲಿ ಆಗ್ಲೇ ಐವತ್ತು ವರ್ಷ ಒಣಗಿತ್ತು."

ನಾನು ಇಷ್ಟು ವರ್ಷ ಇದನ್ನು ಗೆದ್ದವರ ಜಂಬ ಅಂತ ಮಾತ್ರ ತಿಳಿದಿದ್ದೆ. ಸೋತ ರಾಜನ ಮನೆಯ ಮರ ತಂದು ತಮ್ಮ ದೇವರ ಮನೆಗೆ ಹಾಕಿಕೊಂಡರು ಅಂತ. ಆ ಜಂಬವೂ ಇತ್ತು, ಇಲ್ಲ ಅನ್ನಲ್ಲ. ಆದರೆ ಕಾಡೇ ತುಂಬಿದ ಬೆಟ್ಟಕ್ಕೆ ಬಯಲಿನಿಂದ ಮರ ಯಾಕೆ ಹೊತ್ತರು ಅನ್ನೋ ಪ್ರಶ್ನೆ ನನಗೆ ಬಂದೇ ಇರಲಿಲ್ಲ. ಈಗ ನಾವು ಊಟಿಯಲ್ಲಿ ನೋಡುವ ಎತ್ತರದ ನೀಲಗಿರಿ ಮರಗಳು ಆಸ್ಟ್ರೇಲಿಯಾದವು. ಅವು ಬಂದಿದ್ದು ಈ ಚರ್ಚು ಕಟ್ಟಿದ ಮೇಲೆ. ಆಗ ಮೇಲೆ ಇದ್ದದ್ದು ಹುಲ್ಲು, ಹಳ್ಳದ ಸಂದಿಯಲ್ಲಿ ಶೋಲಾ ಕಾಡು. ಶೋಲಾದ ಮರಗಳು ಗಿಡ್ಡ, ಡೊಂಕು. ಅಷ್ಟುದ್ದ ತೊಲೆ ಅವುಗಳಲ್ಲಿ ಸಿಗೋದಿಲ್ಲ. ತೇಗ ಆ ಎತ್ತರದಲ್ಲಿ ಬೆಳೆಯೋದೇ ಇಲ್ಲ. ಇದನ್ನು ಅಪ್ಪ ತಲೆ ಎತ್ತಿ ನೋಡಿದ ಅರ್ಧ ಗಂಟೆಯಲ್ಲಿ ಕಂಡುಕೊಂಡರು.

ಸಂಕಟವೂ ಆಯಿತು. ಆ ಅರಮನೆಯ ಚಾವಣಿ ಹೇಗಿತ್ತೋ, ಯಾರು ಕೆತ್ತಿದ್ದರೋ. ನಮ್ಮ ಗಂಜಾಂನ ಬಡಗಿಗಳೂ ಅದರಲ್ಲಿ ಇದ್ದರಾ? ಯಾರ ಹೆಸರೂ ಉಳಿದಿಲ್ಲ. ಇಲ್ಲಿ ಗೋಡೆ ಮೇಲೆ ಅಷ್ಟೊಂದು ಹೆಸರುಗಳಿವೆ. ತೊಲೆ ಕೆತ್ತಿದವರದ್ದು ಒಂದೂ ಇಲ್ಲ. ಎಳೆದವರದ್ದೂ ಇಲ್ಲ. ನಮ್ಮೂರಿನಿಂದ ಇಲ್ಲಿಗೆ ಒಂದೂವರೆ ಸಾವಿರ ಮೀಟರ್ ಏರು. ಈಗಿನ ಟಾರು ರಸ್ತೆಯಲ್ಲೇ ಅಪ್ಪನಿಗೆ ತಲೆ ಸುತ್ತಿತ್ತು.

ಹೊರಗೆ ಬಂದು ಚರ್ಚಿನ ಹಿಂದಿನ ದಿಬ್ಬ ಹತ್ತಿದೆವು. ಸ್ಮಶಾನ ಅಲ್ಲೇ. ಪಾಚಿ ಹಿಡಿದ ಕಲ್ಲುಗಳು, ಅಕ್ಷರ ಸವೆದವು, ವಾಲಿದವು. ಸಲಿವನ್‌ನ ಹೆಂಡತಿಯನ್ನೂ ಮಗಳನ್ನೂ ಮಣ್ಣು ಮಾಡಿರೋದು ಇಲ್ಲೇ. ಊಟಿಯನ್ನು ಹುಟ್ಟುಹಾಕಿದ ಆ ಮನುಷ್ಯ ತೋಡರ ನೆಲದ ಹಕ್ಕಿಗಾಗಿ ತನ್ನ ಮೇಲಿನವರ ಜೊತೆಯೇ ವಾದ ಮಾಡಿದವನು. ಅದಕ್ಕೇ ನನಗೆ ಅವನ ಮೇಲೆ ಗೌರವ. ಕೊನೆಗೆ ಇಬ್ಬರನ್ನೂ ಈ ಮಣ್ಣಲ್ಲಿ ಬಿಟ್ಟು ಇಂಗ್ಲೆಂಡಿಗೆ ಹೋದ. 1855ರಲ್ಲಿ ಅಲ್ಲೇ ಸತ್ತ. ಜ್ವರಕ್ಕೆ ಹೆದರಿ ತಂಪು ಹುಡುಕಿ ಬಂದವರನ್ನೂ ಸಾವು ಬಿಟ್ಟಿರಲಿಲ್ಲ. ಅಪ್ಪ ಒಂದು ಚಿಕ್ಕ ಕಲ್ಲಿನ ಮೇಲೆ ಬಿದ್ದಿದ್ದ ಎಲೆಗಳನ್ನು ಕೈಯಿಂದ ಸರಿಸಿದರು. ಮಗುವಿನ ಗೋರಿಯ ಅಳತೆ.

ಹೊರಡುವ ಮುಂಚೆ ಅಪ್ಪ ಇನ್ನೊಂದು ಸಲ ಒಳಗೆ ಹೋಗಿಬರುತ್ತೇನೆ ಅಂದರು. ನಾನು ಬಾಗಿಲಲ್ಲೇ ನಿಂತೆ. ಚೀಲದಿಂದ ಟೇಪು ತೆಗೆದರು. ತೊಲೆ ಅಷ್ಟು ಎತ್ತರದಲ್ಲಿದೆ, ಕೈಗೆ ಸಿಗುವ ಮಾತೇ ಇಲ್ಲ. ಟೇಪನ್ನು ಸ್ವಲ್ಪ ಎಳೆದು, ಕಣ್ಣ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ ಅಂದಾಜು ನೋಡಿದರು. ಬಾಯಲ್ಲಿ ಏನೋ ಎಣಿಸಿಕೊಂಡರು. ಚರ್ಚು ನೋಡಿಕೊಳ್ಳುವ ಆ ಅಣ್ಣ ಪಕ್ಕದಲ್ಲಿ ನಿಂತು ಮರ್ಯಾದೆಯಿಂದ ನೋಡುತ್ತಿದ್ದರು. ಭಾನುವಾರ ಪ್ರಾರ್ಥನೆ ಇರುತ್ತೆ, ಆಗ ಬಂದಿದ್ದರೆ ಹಾಡು ಕೇಳಬಹುದಿತ್ತು ಅಂದರು. ಎರಡು ಶತಮಾನದ ಹತ್ತಿರ ಬಂತು, ಆ ಚಾವಣಿ ಕೆಳಗೆ ಜನ ಸೇರುವುದು ನಿಂತಿಲ್ಲ.

ಊರಿಗೆ ಬಂದ ಮಾರನೇ ದಿನ ಬೆಳಗ್ಗೆ ಎದ್ದು ನೋಡಿದರೆ ಅಪ್ಪ ಕೊಟ್ಟಿಗೆಯಲ್ಲಿದ್ದರು. ಹೊಟ್ಟು ಗುಡಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಉದ್ದ ಗೆರೆ ಎಳೆದಿದ್ದರು, ಈ ಗೋಡೆಯಿಂದ ಆ ಗೋಡೆವರೆಗೆ. ಜೊತೆಗೆ ಕೆಲಸ ಮಾಡುವ ಹುಡುಗನನ್ನು ಕರೆದು ಗೆರೆಗಳ ನಡುವೆ ನಿಲ್ಲಿಸಿದರು. "ಇಷ್ಟು ದಪ್ಪ. ಇನ್ನೂ ಆಚೆಗೋಗುತ್ತೆ, ಗೋಡೆ ಅಡ್ಡ ಬಂತು" ಅಂದರು. ಹುಡುಗ ಬಗ್ಗಿ ಗೇಣು ಹಾಕಿ ಅಳೆಯತೊಡಗಿದ.