ಟ್ರಾಂಬೋನ್ ಡೈರಿ: ಕವೆಂಟ್ರಿಯ ಸ್ಕಾ ಬ್ಯಾಂಡಿನಲ್ಲಿ ಖಾಲಿ ಬಿದ್ದ ಒಂದು ಕುರ್ಚಿ

ಅಕ್ಟೋಬರ್ 2023

ಟ್ರಾಂಬೋನ್ ಶನಿವಾರ ಮನೆಗೆ ಬಂತು. ಸ್ಲೈಡು ಅನ್ನುವ ಜಾರುಕೊಳವೆ ಎಳೆದು ಸ್ವರ ಬದಲಿಸುವ ಹಿತ್ತಾಳೆಯ ಊದುವಾದ್ಯ ಇದು. ಸೆಕೆಂಡ್ ಹ್ಯಾಂಡ್. ಬೆಲ್ಲಿನ, ಅಂದರೆ ಅಗಲ ಬಾಯಿಯ, ಅಂಚು ಒಂದು ಕಡೆ ಚೂರು ತಗ್ಗಿದೆ, ಸ್ಲೈಡು ಮಾತ್ರ ನುಣ್ಣಗೆ ಓಡುತ್ತದೆ. ಪೆಟ್ಟಿಗೆ ತೆರೆದ ಕೂಡಲೇ ಹಿತ್ತಾಳೆ ಮತ್ತು ಹಳೇ ಎಣ್ಣೆ ಕಲೆತ ವಾಸನೆ. ಚಿಕ್ಕಂದಿನಲ್ಲಿ ತುಮಕೂರಿನ ಮದುವೆ ಮೆರವಣಿಗೆಗಳಲ್ಲಿ ಬ್ಯಾಂಡ್ ಸೆಟ್‌ನವರ ಮಗ್ಗುಲಲ್ಲೇ ನಡೆಯುತ್ತಿದ್ದೆ. ಅದೇ ವಾಸನೆ.

ಇಂಗ್ಲೆಂಡಿನ ಈ ಕವೆಂಟ್ರಿ ಊರಿಗೆ ಬಂದು 9 ವರ್ಷ. ಕಳೆದ ತಿಂಗಳು ಸಹೋದ್ಯೋಗಿಯೊಬ್ಬರು ಒಂದು ಪಬ್ಬಿನ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ವೇದಿಕೆಯ ಮೇಲೆ 9 ಜನ, ಎದುರಿಗೆ 21 ಜನ. ಎಣಿಸಿಯೇ ಹೇಳುತ್ತಿದ್ದೇನೆ. ನುಡಿಸುತ್ತಿದ್ದದ್ದು ಸ್ಕಾ, ಜಮೈಕಾದಲ್ಲಿ ಹುಟ್ಟಿದ ಕುಣಿತದ ಸಂಗೀತ. ಮುಗಿದ ಮೇಲೆ ಸ್ಯಾಕ್ಸೊಫೋನ್ ನುಡಿಸುವ ಹಿರಿಯರ ಜೊತೆ ಮಾತಿಗೆ ನಿಂತೆ. ಟ್ರಾಂಬೋನಿನವರು ಮಗಳ ಊರಿಗೆ ಹೋಗಿ ನೆಲೆಸಲಿದ್ದಾರೆ, ಮುಂದಿನ ತಿಂಗಳಿಂದ ಆ ಕುರ್ಚಿ ಖಾಲಿ ಅಂದರು. ಬೇರೆ ಯಾರನ್ನಾದರೂ ಹುಡುಕಬಹುದಲ್ಲ ಅಂದೆ. 2 ವರ್ಷದಿಂದ ಟ್ರಂಪೆಟ್ಟಿಗೆ ಎರಡನೆಯವರು ಸಿಕ್ಕಿಲ್ಲ, ಇನ್ನು ಟ್ರಾಂಬೋನಿಗೆ ಯಾರು ಬರುತ್ತಾರೆ ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಗುರಿ ಇಷ್ಟೇ: ಒಂದು ವರ್ಷದೊಳಗೆ ಆ ಬ್ಯಾಂಡಿನವರ 12 ಹಾಡುಗಳನ್ನು ಅವರ ಜೊತೆ ನಿಂತು ನುಡಿಸುವಷ್ಟಾಗಬೇಕು. ಶಾಲೆಯಲ್ಲಿ 4 ವರ್ಷ ಕೊಳಲು ಕಲಿತದ್ದು ಬಿಟ್ಟರೆ ಬೇರೆ ಬಂಡವಾಳವಿಲ್ಲ.

ಸ್ಕಾ ಕೇಳದವರಿಗೆ ಒಂದು ಮಾತು. ಪಾದದಲ್ಲಿ ತಾಳ ಹಾಕುತ್ತಾ ಬಾಯಲ್ಲಿ ‘ತಕ ತಕ ತಕ ತಕ’ ಅನ್ನಿ. ‘ತ’ಗೆ ಪಾದ ನೆಲಕ್ಕೆ ಬೀಳಲಿ. ಪಾದ ಮೇಲೆದ್ದಿರುವ ‘ಕ’ ಇದೆಯಲ್ಲ, ಗಿಟಾರು, ಪಿಯಾನೊ ‘ಚಕ್’ ಅನ್ನುವುದು ಅಲ್ಲಿ. ಪೆಟ್ಟು ಬೀಳುವ ಜಾಗ ಖಾಲಿ, ಎದ್ದ ಜಾಗ ತುಂಬು. ತಾಳ ಬಿದ್ದ ಮೇಲೆ ಅರ್ಧ ಅಕ್ಷರ ಬಿಟ್ಟು ಪಲ್ಲವಿ ಎತ್ತುವ ಎಡುಪು ಕೇಳಿ ಬೆಳೆದ ಕಿವಿಗೆ ಇದು ತಟ್ಟನೆ ಹಿಡಿಸುತ್ತದೆ. ಮೈ ತಾನಾಗಿ ಕುಣಿಯುತ್ತದೆ.

ಡಿಸೆಂಬರ್ 2023

ಮೊದಲ 3 ವಾರ ಬರೀ ಮೌತ್‌ಪೀಸ್ ಹಿಡಿದು ತುಟಿ ಅದುರಿಸುವುದೇ ಕೆಲಸ. ಅಮ್ಮ ಫೋನಿನಲ್ಲಿ ಕೇಳಿಸಿಕೊಂಡು, “ಏನಪ್ಪಾ ಅದು, ಯಾರ ಮನೆ ಮದುವೆನೋ?” ಅಂದರು. ಪಕ್ಕದ ಮನೆಗೆ ಗೋಡೆ ಒಂದೇ. ಹಾಗಾಗಿ ಬೆಲ್ಲಿಗೆ ಸದ್ದು ಅಡಗಿಸುವ ಪ್ರಾಕ್ಟೀಸ್ ಮ್ಯೂಟ್ ತುರುಕಿ ರಾತ್ರಿ 8ರೊಳಗೆ ಮುಗಿಸುತ್ತೇನೆ.

ಸ್ಲೈಡಿಗೆ 7 ಸ್ಥಾನಗಳು. ಯಾವುದಕ್ಕೂ ಗೆರೆ, ಗುರುತು ಇಲ್ಲ. ಬೆಲ್ಲಿನ ಅಂಚಿಗಿಂತ ಚೂರು ಒಳಗಿದ್ದರೆ ಮೂರನೆಯದು, ಚೂರು ಹೊರಗೆ ಹೋದರೆ ನಾಲ್ಕನೆಯದು, ಉಳಿದದ್ದೆಲ್ಲ ಕಿವಿಯ ಲೆಕ್ಕ. ನನಗೆ ಅಡ್ಡ ಬಂದದ್ದು ನಾನು ನಿರೀಕ್ಷಿಸದೇ ಇದ್ದ ಸಂಗತಿ. ಸ್ವರದಿಂದ ಸ್ವರಕ್ಕೆ ಕೈ ತಾನೇ ಜಾರು ಹಾಕುತ್ತದೆ. ನಮ್ಮ ಸಂಗೀತದಲ್ಲಿ ಜಾರು ಅಲಂಕಾರ. ಸ್ಕಾದ ಹಾರ್ನ್, ಅಂದರೆ ಊದುವ ವಾದ್ಯಗಳ, ಸಾಲುಗಳಲ್ಲಿ ಸ್ವರ ಹಪ್ಪಳ ಮುರಿದ ಹಾಗೆ ಬಿಡಿಬಿಡಿಯಾಗಿ ಬೀಳಬೇಕು. ನಾಲಗೆ ‘ತು’ ಅಂದು ಗಾಳಿಯನ್ನು ತಡೆದು ಬಿಡುವ ಕ್ಷಣದೊಳಗೆ ಕೈ ಮುಂದಿನ ಸ್ಥಾನ ಸೇರಿರಬೇಕು. ಇದೊಂದಕ್ಕೇ 5 ವಾರ ಹಿಡಿಯಿತು. ಈಗ 10 ಸಲದಲ್ಲಿ 7 ಸಲ ಸರಿಯಾಗುತ್ತದೆ.

ಮೊದಲ ಪಾಠಕ್ಕೆ ಆರಿಸಿಕೊಂಡದ್ದು ‘ಎ ಮೆಸೇಜ್ ಟು ಯೂ ರೂಡಿ’ಯ ಟ್ರಾಂಬೋನ್ ಸಾಲು. ಅದಕ್ಕೆ ಕಾರಣವಿದೆ. ಡ್ಯಾಂಡಿ ಲಿವಿಂಗ್‌ಸ್ಟನ್ ಅದನ್ನು 1967ರಲ್ಲಿ ಹಾಡಿದರು. 1979ರಲ್ಲಿ ಕವೆಂಟ್ರಿಯ ಸ್ಕಾ ಬ್ಯಾಂಡು ದ ಸ್ಪೆಷಲ್ಸ್ ಮತ್ತೆ ನುಡಿಸಿತು. ಎರಡರಲ್ಲೂ ಟ್ರಾಂಬೋನ್ ಒಬ್ಬರದ್ದೇ, ರಿಕೊ ರೊಡ್ರಿಗಸ್ ಅವರದು. ನಡುವೆ 12 ವರ್ಷ, ಎರಡು ಪೀಳಿಗೆ. ರಿಕೊ 2015ರಲ್ಲಿ ತೀರಿಕೊಂಡರು. ಸಾಲು ಕೇಳಲು ಸರಳ. ಅವರ ಆ ಸೋಮಾರಿ ನಡೆ, ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಕೂರುವ ಆ ನಿರಾಳ, ಇನ್ನೂ ನನ್ನ ಕೈಗೆ ಬಂದಿಲ್ಲ.

ಜನವರಿ 2024

ಮೊದಲ ರಿಹರ್ಸಲ್. ನನಗೆ ಕೊಟ್ಟ ಹಾಳೆಯನ್ನು ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಊದಿದ ಕೂಡಲೇ ಎಲ್ಲರೂ ನಿಲ್ಲಿಸಿದರು. ಅದು ಟ್ರಂಪೆಟ್ಟಿನ ಹಾಳೆ. ಟ್ರಂಪೆಟ್ಟಿನವರು ‘ಸಿ’ ಅಂತ ಓದಿ ಊದಿದರೆ ಬರುವ ನಾದ ‘ಬಿ ಫ್ಲಾಟ್’. ಟ್ರಾಂಬೋನಿನವರು ಬರೆದದ್ದನ್ನೇ ನುಡಿಸುತ್ತಾರೆ. ಪೂರ್ತಿ ಒಂದು ಸ್ವರ ಮೇಲೆ ಕೂತಿದ್ದೆ. ಹಿರಿಯರು ಪೆನ್ಸಿಲ್ ತೆಗೆದು, ಅಲ್ಲೇ ಕೂತು 2 ಹಾಡು ನನಗಾಗಿ ಬರೆದುಕೊಟ್ಟರು. ಉಳಿದ 10 ನಾನೇ ಬರೆದುಕೊಳ್ಳಬೇಕು. ಅದರಿಂದ ಒಳ್ಳೆಯದೇ ಆಯಿತು. ಯಾವ ಸ್ವರದಲ್ಲಿ ಸ್ಯಾಕ್ಸಿನ ಕೆಳಗೆ ನಾನಿದ್ದೇನೆ, ಎಲ್ಲಿ ಮೂವರೂ ಒಂದೇ ಸ್ವರ ಹಿಡಿಯುತ್ತೇವೆ ಅನ್ನುವುದು ಬರೆಯುವಾಗ ಕಣ್ಣಿಗೆ ಕಟ್ಟಿತು.

ಇದೇ ತಿಂಗಳು, ಸಣ್ಣ ಸಂಗೀತ ವೇದಿಕೆಗಳ ಪರ ದುಡಿಯುವ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಲೆಕ್ಕ ಕೊಟ್ಟಿದೆ: 2023 ಒಂದೇ ವರ್ಷದಲ್ಲಿ ಬ್ರಿಟನ್ನಿನಲ್ಲಿ ಸಂಗೀತ ನಿಂತುಹೋದ ಸಣ್ಣ ವೇದಿಕೆಗಳು 125. ರಿಹರ್ಸಲಿನಲ್ಲಿ ಇದನ್ನು ಹೇಳಿದಾಗ ಯಾರೂ ಆಶ್ಚರ್ಯಪಡಲಿಲ್ಲ. ಡ್ರಮ್ಮರ್ ತಾವು ನುಡಿಸಿದ, ಈಗ ಇಲ್ಲದ ಜಾಗಗಳನ್ನು ಬೆರಳು ಮಡಿಸುತ್ತಾ ಹೇಳುತ್ತಾ ಹೋದರು. ಎರಡೂ ಕೈ ಸಾಲಲಿಲ್ಲ.

ಮಾರ್ಚ್ 2024

ಇದನ್ನು ಬರೆಯುತ್ತಿರುವುದು ಕವೆಂಟ್ರಿಯ ಸೆಂಟ್ರಲ್ ಲೈಬ್ರರಿಯಲ್ಲಿ ಕೂತು. ಪುಸ್ತಕಗಳು ಇಲ್ಲಿಗೆ ಬಂದದ್ದು 1986ರಲ್ಲಿ. ಅದಕ್ಕೆ ಮುಂಚೆ ಈ ಕಟ್ಟಡ ಕುಣಿತದ ಮನೆ. ಮೊದಲು ಲೊಕಾರ್ನೊ, ಆಮೇಲೆ ಟಿಫನೀಸ್ ಅಂತ ಹೆಸರು. ದ ಸ್ಪೆಷಲ್ಸ್ 1980ರ ಆರಂಭದಲ್ಲಿ ಬ್ರಿಟನ್ನಿನ ರೆಕಾರ್ಡು ಮಾರಾಟದ ಪಟ್ಟಿಯಲ್ಲಿ 1ನೇ ಸ್ಥಾನಕ್ಕೇರಿದ ತಮ್ಮ ಲೈವ್ ಇ.ಪಿ.ಯ (ಕೆಲವೇ ಹಾಡುಗಳ ಸಣ್ಣ ರೆಕಾರ್ಡು) ಒಂದು ಮಗ್ಗುಲನ್ನು ಧ್ವನಿಮುದ್ರಿಸಿಕೊಂಡದ್ದು ಇದೇ ಛಾವಣಿಯ ಕೆಳಗೆ. ಆ ಮುದ್ರಣವನ್ನು ಇಯರ್‌ಫೋನಿನಲ್ಲಿ ಹಾಕಿಕೊಂಡು ಕಪಾಟುಗಳ ನಡುವೆ ನಡೆದೆ. ಕಿವಿಯಲ್ಲಿ ಸಾವಿರ ಗಂಟಲು, ಎದುರಿಗೆ ಮೊಮ್ಮಗುವಿಗೆ ಚಿತ್ರಪುಸ್ತಕ ಓದಿ ಹೇಳುತ್ತಿರುವ ಅಜ್ಜಿ. ಲೈಬ್ರರಿ ಆದದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಕುಣಿಯುವುದಕ್ಕೆ ಒಂದು ಜಾಗ ಹೋದಾಗ ಇನ್ನೊಂದು ಬರಲಿಲ್ಲವಲ್ಲ.

ಈ ಊರಿಗೂ ಸ್ಕಾಗೂ ನಂಟು ಬೆಸೆದದ್ದು ದ ಸ್ಪೆಷಲ್ಸ್ ಬ್ಯಾಂಡಿನ ಜೆರ್ರಿ ಡ್ಯಾಮರ್ಸ್ 1979ರಲ್ಲಿ ಇಲ್ಲಿ ಕಟ್ಟಿದ ಟು ಟೋನ್ ಲೇಬಲ್, ಅಂದರೆ ರೆಕಾರ್ಡು ಕಂಪನಿ. ಕಪ್ಪು ಬಿಳುಪು ಚೌಕಗಳು, ಒಂದೇ ವೇದಿಕೆಯ ಮೇಲೆ ಕರಿಯರು ಬಿಳಿಯರು. ಕಾರು ಕಾರ್ಖಾನೆಗಳಿಗಾಗಿ ಕೆರಿಬಿಯನ್ನಿನಿಂದ, ಪಂಜಾಬಿನಿಂದ, ಐರ್ಲೆಂಡಿನಿಂದ ಜನ ಬಂದು ಸೇರಿದ್ದ ಊರು ಇದು. ಆ ಕಾರ್ಖಾನೆಗಳೇ ಕುಸಿಯುತ್ತಿದ್ದ ಹೊತ್ತಿನಲ್ಲಿ ಈ ಸಂಗೀತ ಎದ್ದಿತು. ದ ಸ್ಪೆಷಲ್ಸ್, ದ ಸೆಲೆಕ್ಟರ್, ಪಕ್ಕದ ಬರ್ಮಿಂಗ್‌ಹ್ಯಾಮಿನ ದ ಬೀಟ್, ಲಂಡನ್ನಿನ ಮ್ಯಾಡ್‌ನೆಸ್ ಎಲ್ಲವೂ ಅದೇ ಲೇಬಲ್ಲಿನಿಂದ ಹೊರಟವು. 1981ರ ಬೇಸಿಗೆಯಲ್ಲಿ ದ ಸ್ಪೆಷಲ್ಸ್ ಬ್ಯಾಂಡಿನ ‘ಘೋಸ್ಟ್ ಟೌನ್’ 1ನೇ ಸ್ಥಾನದಲ್ಲಿ 3 ವಾರ ನಿಂತಿತು. ನಿರುದ್ಯೋಗ, ಬೀದಿ ಜಗಳ, ಮುಚ್ಚಿಹೋದ ಕ್ಲಬ್ಬುಗಳ ಹಾಡು ಅದು. ಅದು ಹಿಟ್ಟಾದ ಹೊತ್ತಿಗೇ ಬ್ಯಾಂಡು ಒಡೆಯಿತು. ಅದರ ಗಾಯಕ ಟೆರ್ರಿ ಹಾಲ್ ಡಿಸೆಂಬರ್ 2022ರಲ್ಲಿ ತೀರಿಹೋದರು. ಅವರ ಹೆಸರು ಬಂದರೆ ನಮ್ಮ ಗಾಯಕಿ ಇವತ್ತಿಗೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಪ್ರಗತಿ: 4 ಹಾಡು ಕೈವಶ.

ಮೇ 2024

ಮೊದಲ ಸಲ ಜನರ ಮುಂದೆ ನುಡಿಸಿದೆ. ಅದೇ ಪಬ್ಬು, ಅದೇ ಕೋಣೆ, ಬಂದವರು 34. 4 ಹಾಡಿಗೆ ಮಾತ್ರ ನಿಂತೆ. ‘ರೂಡಿ’ಯ ಸಾಲು ಬಂದಾಗ ಮುಂದಿನ ಸಾಲಿನಲ್ಲಿದ್ದ ಬಿಳಿಗೂದಲ ದಂಪತಿ ನನ್ನ ಸ್ವರವನ್ನೇ ಬಾಯಲ್ಲಿ ಗುನುಗುತ್ತಾ ಕುಣಿದರು. ಕೈ ನಡುಗುತ್ತಿತ್ತು, ಆದರೆ ಸ್ವರ ನಿಂತಿತು.

ಆಮೇಲೆ ದುಡ್ಡಿನ ಲೆಕ್ಕ. ಪಬ್ಬಿನವರು ಕೊಟ್ಟದ್ದು 200 ಪೌಂಡ್. ವ್ಯಾನ್ ಬಾಡಿಗೆ, ಡೀಸೆಲ್ ಕಳೆದು ಉಳಿದದ್ದನ್ನು 9 ಪಾಲು ಮಾಡಿದರೆ ಒಬ್ಬರಿಗೆ 12 ಪೌಂಡ್ ಮುಟ್ಟಲಿಲ್ಲ. ಅದೇ ಕೋಣೆಯಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಬರುವ ಡಿಜೆ ಒಬ್ಬರೇ ಬಂದು ಒಬ್ಬರೇ ಹೋಗುತ್ತಾರೆ. ಸ್ಕಾ ಯಾಕೆ ಕುಗ್ಗಿತು ಅಂದರೆ ಜನ ಫ್ಯಾಷನ್ನಿನ ಮಾತಾಡುತ್ತಾರೆ. ಅಮೆರಿಕದಲ್ಲಿ 1997ರಲ್ಲಿ ಮೈಟಿ ಮೈಟಿ ಬಾಸ್‌ಟೋನ್ಸ್, ರೀಲ್ ಬಿಗ್ ಫಿಶ್ ಅನ್ನುವ ಸ್ಕಾ ಬ್ಯಾಂಡುಗಳು ರೇಡಿಯೊ ತುಂಬಿಕೊಂಡವು, 2–3 ವರ್ಷದಲ್ಲಿ ರೇಡಿಯೊ ಬೇರೆ ಕಡೆ ತಿರುಗಿತು, ನ್ಯೂಯಾರ್ಕಿನ ಮೂನ್ ಸ್ಕಾ ಲೇಬಲ್ ಬಾಗಿಲು ಹಾಕಿತು ಅನ್ನುತ್ತಾರೆ. ಅದು ನಿಜ. ಆದರೆ ಫ್ಯಾಷನ್ ಹೋದ ಮೇಲೂ 3 ಜನರ ಪಂಕ್ ಬ್ಯಾಂಡು ಒಂದು ಕಾರಿನಲ್ಲಿ ತುಂಬಿಕೊಂಡು ಊರೂರು ಸುತ್ತಿ ಬದುಕಿಕೊಳ್ಳುತ್ತದೆ. 9 ಜನರಿಗೆ ಅದು ಆಗದು. ಈ 12 ಪೌಂಡಿನ ಲೆಕ್ಕವೇ ಸ್ಕಾವನ್ನು ವೇದಿಕೆಯಿಂದ ಇಳಿಸುತ್ತಿದೆ ಅಂತ ನನಗೆ ಖಚಿತವಾಗಿದೆ. ಜಮೈಕಾದಲ್ಲೂ 1966ರ ಹೊತ್ತಿಗೆ ಸ್ಕಾದ ವೇಗ ತಗ್ಗಿ ಅದು ರಾಕ್‌ಸ್ಟೆಡಿ ಅನ್ನುವ ಸಂಗೀತವಾಯಿತು. ಆ ಬೇಸಿಗೆಯ ಸೆಕೆಗೆ ಜನರಿಗೆ ಮೆಲ್ಲನೆಯ ಕುಣಿತ ಬೇಕಾಯಿತು ಅನ್ನುವ ಕಥೆಯಿದೆ. ಆಗಲೇ ಗುಂಪುಗಳೂ ಚಿಕ್ಕವಾದವು, ಹಾರ್ನುಗಳು ಹಿಂದೆ ಸರಿದು ಬೇಸ್ ಮುಂದೆ ಬಂತು.

ವ್ಯಾನಿನಲ್ಲಿ ವಾಪಸ್ ಬರುವಾಗ ಹಿರಿಯರು ಆಲ್ಫಾ ಶಾಲೆಯ ಕಥೆ ಹೇಳಿದರು. ಅವರ ತಂದೆ ಜಮೈಕಾದ ಕಿಂಗ್‌ಸ್ಟನ್ನಿನವರು. ಬಡ ಹುಡುಗರಿಗಾಗಿ ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಆಲ್ಫಾ ಬಾಯ್ಸ್ ಸ್ಕೂಲಿನಲ್ಲಿ ಬಡಗಿತನ, ಮುದ್ರಣದ ಜೊತೆ ಬ್ಯಾಂಡ್ ವಾದ್ಯವನ್ನೂ ಕಲಿಸುತ್ತಿದ್ದರು. ಸಿಸ್ಟರ್ ಮೇರಿ ಇಗ್ನೇಷಿಯಸ್ ಡೇವಿಸ್ ಅಲ್ಲಿ ಹುಡುಗರಿಗೆ ರೆಕಾರ್ಡು ಹಾಕಿ ಕೇಳಿಸುತ್ತಿದ್ದವರು. 1964ರಲ್ಲಿ ಕೂಡಿದ ಜಮೈಕಾದ ಸ್ಕಾ ಬ್ಯಾಂಡು ದ ಸ್ಕಟಲೈಟ್ಸ್‌ನ ಟಾಮಿ ಮೆಕ್‌ಕುಕ್, ಜಾನಿ ಮೂರ್, ಲೆಸ್ಟರ್ ಸ್ಟರ್ಲಿಂಗ್, ಡಾನ್ ಡ್ರಮಂಡ್ ನಾಲ್ವರೂ ಅಲ್ಲಿಂದ ಬಂದವರೇ. ಡ್ರಮಂಡ್ ಟ್ರಾಂಬೋನ್. ಬದುಕು ದುರಂತವಾಯಿತು: 1965ರಲ್ಲಿ ಗೆಳತಿಯ ಕೊಲೆ ಆರೋಪದಲ್ಲಿ ಬಂಧನ, 1969ರಲ್ಲಿ ಮಾನಸಿಕ ಆಸ್ಪತ್ರೆಯಲ್ಲೇ ಸಾವು. ಅದಕ್ಕೆ ಮುಂಚೆ ಆಲ್ಫಾದಲ್ಲಿ ಅವರ ಕೈಕೆಳಗೆ ಕಲಿತವರಲ್ಲಿ ರಿಕೊ ಒಬ್ಬರು. ರಿಕೊ ಇಂಗ್ಲೆಂಡಿಗೆ ಬಂದರು, ಈ ಊರಿನ ಹುಡುಗರ ಜೊತೆ ನಿಂತರು. “ಶಾಲೆಯಲ್ಲಿ ವಾದ್ಯ ಕೈಗೆ ಕೊಡದಿದ್ದರೆ ಇದ್ಯಾವುದೂ ಇಲ್ಲ. ನನಗೂ ಸ್ಯಾಕ್ಸ್ ಕೊಟ್ಟಿದ್ದು ಶಾಲೆಯೇ, ಬಿಟ್ಟಿ,” ಅಂದರು ಹಿರಿಯರು. ಇವತ್ತು ಒಂದು ಸ್ಯಾಕ್ಸನ್ನು ಬಾಡಿಗೆಗೆ ತರಬೇಕಾದರೂ ಮನೆಯವರು ಎರಡು ಸಲ ಯೋಚಿಸಬೇಕು.

ಜುಲೈ 2024

ಕೆಟ್ಟ ತಿಂಗಳು. ಆ ಪಬ್ಬಿನ ಹಿಂದಿನ ಕೋಣೆಯನ್ನು ಊಟದ ಕೋಣೆ ಮಾಡುತ್ತಿದ್ದಾರೆ. ನಡೆಸುವವರನ್ನು ದೂರುವಂತಿಲ್ಲ, ಕರೆಂಟು ಬಿಲ್ಲು ತೋರಿಸಿದರು. ಟ್ರಂಪೆಟ್ ನುಡಿಸುತ್ತಿದ್ದ ನರ್ಸಿಗೆ ರಾತ್ರಿ ಪಾಳಿ ಜಾಸ್ತಿಯಾಗಿ ಬ್ಯಾಂಡು ಬಿಟ್ಟರು. ಕೀಬೋರ್ಡಿನವರು ಮೊದಲೇ ಹೋಗಿದ್ದರು. ಈಗ ನಾವು 7. ಹಾರ್ನ್ ಸೆಕ್ಷನ್ ಅಂದರೆ ಹಿರಿಯರು ಮತ್ತು ನಾನು.

2 ವಾರ ವಾದ್ಯ ಮುಟ್ಟಲಿಲ್ಲ. ಬೇರೆ ಊರುಗಳ ವೀಡಿಯೊ ನೋಡುತ್ತಾ ಕೂತೆ. ಮೆಕ್ಸಿಕೊ ನಗರದಲ್ಲಿ ಅಲ್ಲಿನ ಸ್ಕಾ ಬ್ಯಾಂಡು ಪಾಂತೆಯೊನ್ ರೊಕೊಕೊ ನುಡಿಸಿದರೆ ಕಣ್ಣು ಹಾಯುವಷ್ಟು ದೂರ ಜನ ಜಿಗಿಯುತ್ತಾರೆ. ಟೋಕಿಯೊ ಸ್ಕಾ ಪ್ಯಾರಡೈಸ್ ಆರ್ಕೆಸ್ಟ್ರಾ 1980ರ ದಶಕದಿಂದ ನಿಂತಿಲ್ಲ. ದೆಹಲಿಯಲ್ಲಿ 2009ರಿಂದ ದ ಸ್ಕಾ ವೆಂಜರ್ಸ್ ಇದೆ. ನಮ್ಮ ದೇಶದಲ್ಲೂ ಹಾರ್ನು ಸೇರಿಸಿ ಸ್ಕಾ ಕಟ್ಟಿ, ಅದರಲ್ಲಿ ರಾಜಕೀಯವನ್ನೂ ಎದೆ ತಟ್ಟಿ ಹೇಳಿದವರು. ಇದನ್ನೆಲ್ಲ ನೋಡಿ ಸಂತೋಷವಾಯಿತು. ಆದರೂ ಮಂಗಳವಾರ ಸಂಜೆ 7ಕ್ಕೆ ನಮ್ಮ ರಿಹರ್ಸಲ್ ಕೋಣೆಯಲ್ಲಿ ಟ್ರಂಪೆಟ್ ಇರಲಿಲ್ಲ.

ಸೆಪ್ಟೆಂಬರ್ 2024

ಟ್ರಂಪೆಟ್ ಸಿಕ್ಕಿತು!

15 ವರ್ಷದ ಹುಡುಗಿ. ಪಕ್ಕದ ಊರಿನ ಬ್ರಾಸ್ ಬ್ಯಾಂಡಿನಲ್ಲಿ ಟ್ರಂಪೆಟ್ಟಿನಂಥದ್ದೇ ಕಾರ್ನೆಟ್ ನುಡಿಸುತ್ತಾಳೆ, ಅಪ್ಪ ಕಾರಿನಲ್ಲಿ ಬಿಟ್ಟು ಹೊರಗೆ ಕಾಯುತ್ತಾರೆ. ಅವಳಿಗೆ ಟು ಟೋನ್ ಗೊತ್ತೇ ಇರಲಿಲ್ಲ. ಅಮೆರಿಕದ ಜೆರೆಮಿ ಹಂಟರ್ ಸ್ಕಾಟ್ಯೂನ್ ನೆಟ್‌ವರ್ಕ್ ಹೆಸರಿನಲ್ಲಿ ಒಬ್ಬರೇ ಎಲ್ಲ ವಾದ್ಯ ನುಡಿಸಿ ಹಾಕುವ ವೀಡಿಯೊಗಳಿಂದ ಸ್ಕಾ ಹಿಡಿಸಿತಂತೆ. ಮನೆಯಲ್ಲಿ ಒಬ್ಬಳೇ ಪರದೆಯ ಜೊತೆ ನುಡಿಸುತ್ತಿದ್ದಳು. ಮೊದಲ ದಿನ ನಾವು ಮೂವರೂ ಒಟ್ಟಿಗೆ ಒಂದು ಸಾಲು ಊದಿದಾಗ ಅವಳು ನಡುವೆ ನಿಲ್ಲಿಸಿ, “ಹೊಟ್ಟೆಯೊಳಗೆಲ್ಲಾ ಅದುರಿತು,” ಅಂದಳು. ನನಗೂ ಮೊದಲ ದಿನ ಹಾಗೇ ಆಗಿತ್ತು. ಮೂರು ಹಿತ್ತಾಳೆ ನಾದ ಸರಿಯಾಗಿ ಒಂದೇ ಸ್ವರಕ್ಕೆ ಕೂತರೆ ಕೋಣೆಯ ಕಿಟಕಿ ಗಾಜೂ ಸಣ್ಣಗೆ ಝುಮ್ ಅನ್ನುತ್ತದೆ. ಅದು ಯಾವ ವೀಡಿಯೊದಲ್ಲೂ ಬರುವುದಿಲ್ಲ.

ಪ್ರಗತಿ: 8 ಹಾಡು. ಮೇಲಿನ ‘ಎಫ್’ ಈಗ ಹಿಸುಕದೆ ಬರುತ್ತದೆ.

ಡಿಸೆಂಬರ್ 2024

ಒಂದು ಚರ್ಚಿನ ಸಭಾಂಗಣ ಬಾಡಿಗೆಗೆ ಹಿಡಿದು ನಾವೇ ಕಾರ್ಯಕ್ರಮ ಮಾಡಿದೆವು. ಟಿಕೆಟ್ 5 ಪೌಂಡ್, 18 ವರ್ಷದ ಒಳಗಿನವರಿಗೆ ಉಚಿತ. ಮಡಿಚುವ ಕುರ್ಚಿಗಳನ್ನು ನಾವೇ ಜೋಡಿಸಿ, ಆಮೇಲೆ ಕುಣಿಯಲು ಜಾಗ ಬೇಕೆಂದು ನಾವೇ ಎತ್ತಿಟ್ಟೆವು. ಬಂದವರು 61. ಅದರಲ್ಲಿ ಹುಡುಗಿಯ ಬ್ರಾಸ್ ಬ್ಯಾಂಡಿನ ಮಕ್ಕಳೇ 14, ಕನ್ನಡದ ಮನೆಗಳವರು 6 ಜನ. ಸಭಾಂಗಣದ ಬಾಡಿಗೆ ಕಳೆದು ಉಳಿದ ದುಡ್ಡನ್ನು ಹಂಚಿಕೊಳ್ಳಲಿಲ್ಲ, ಮುಂದಿನ ಬಾಡಿಗೆಗೆ ಎತ್ತಿಟ್ಟಿದ್ದೇವೆ.

ನಾನು 12ರಲ್ಲಿ 10 ಹಾಡು ನುಡಿಸಿದೆ. ಗುರಿ ಮುಟ್ಟಿಲ್ಲ. ಉಳಿದ ಎರಡರಲ್ಲಿ ಒಂದು ನನಗೆ ಇನ್ನೂ ವೇಗ ಹೆಚ್ಚು. ಇನ್ನೊಂದು ಡ್ರಮಂಡ್ ಅವರ ರಚನೆ. ಅದರ ನಿಧಾನಕ್ಕೆ ಉಸಿರು ಸಾಲದು, ಎರಡನೇ ಸಾಲಿನ ಕೊನೆಯ ಸ್ವರ ಪ್ರತಿಸಲ ಇಳಿದುಹೋಗುತ್ತದೆ. ಮುಗಿದ ಮೇಲೆ ಬ್ರಾಸ್ ಬ್ಯಾಂಡಿನ ಒಬ್ಬ ಹುಡುಗ, 11 ವರ್ಷ ಇರಬಹುದು, ಬಂದು ಸ್ಲೈಡನ್ನೇ ನೋಡುತ್ತಾ ನಿಂತ. ಕೈಗೆ ಕೊಟ್ಟೆ. ಅವನ ತೋಳು ಆರನೇ ಸ್ಥಾನಕ್ಕೂ ಎಟುಕಲಿಲ್ಲ. ಐದರವರೆಗೆ ಎಳೆದು, ಊದಿ, ಮತ್ತೆ ಊದಿದ.

ಸ್ಲೈಡಿನ ಒಳಕೊಳವೆಯಲ್ಲಿ ಸಣ್ಣ ಗೀರು ಬಿದ್ದಿದೆ, ಜನವರಿ ಮೊದಲ ವಾರ ರಿಪೇರಿಗೆ ಕೊಡಬೇಕು. ಅಷ್ಟರವರೆಗೆ ಮೌತ್‌ಪೀಸ್ ಮಾತ್ರ. ಮಂಗಳವಾರ 7ಕ್ಕೆ ರಿಹರ್ಸಲ್ ಇದೆ.