ಬುಕ್ಕಿನಾಗಿಂದ ತಗದ್ರೂ ಗ್ಯಾಸ್ ಚಾಪ್ಟರ್ ಓದ್ರಿ

ಎನ್‌ಸಿಇಆರ್‌ಟಿ 11ನೇ ಕ್ಲಾಸ್ ಕೆಮಿಸ್ಟ್ರಿ ಬುಕ್ಕಿನಾಗ ಈ ಮೊದಲು ಐದನೇ ಚಾಪ್ಟರ್ ಅಂದ್ರ ಸ್ಟೇಟ್ಸ್ ಆಫ್ ಮ್ಯಾಟರ್ (ಗ್ಯಾಸು, ದ್ರವಗಳ ಚಾಪ್ಟರ್) ಇತ್ತು, ಗ್ಯಾಸಿನ ನಿಯಮ ಹೇಳಿದ ಬಾಯ್ಲ್, ಚಾರ್ಲ್ಸ್, ಅವೊಗ್ಯಾಡ್ರೊ ಎಲ್ಲಾರೂ ಅದರಾಗ ಬರ್ತಿದ್ರು. ಸಿಲಬಸ್ ಕಡಿಮಿ ಮಾಡೂ ಮುಂದ ಇಡೀ ಚಾಪ್ಟರ್ ತಗದ ಬಿಟ್ರು, ಆಮ್ಯಾಲ ನೀಟ್ ಸಿಲಬಸ್ಸಿನಾಗಿಂದನೂ ಹೋತು. ಧಾರವಾಡದಾಗ ಪಿಯು ಹುಡುಗ್ರಿಗೆ ಟ್ಯೂಷನ್ ಹೇಳೂ ನನಗ ಇದು ಭಾಳ ಬ್ಯಾಸರದ ಸಂಗತಿ, ಯಾಕಂದ್ರ ಚಾಪ್ಟರ್ ಹೋತು ಖರೆ, ಅದರ ಮ್ಯಾಲ ನಿಂತಿದ್ದು ಯಾವುದೂ ಹೋಗಿಲ್ಲ. ಈಕ್ವಿಲಿಬ್ರಿಯಂ ಅಂದ್ರ ರಾಸಾಯನಿಕ ಸಮತೋಲನದ ಚಾಪ್ಟರಿನಾಗ ಕೆಪಿಗೂ (ಒತ್ತಡದಾಗ ಬರದ ಸ್ಥಿರಾಂಕ) ಕೆಸಿಗೂ (ಸಾಂದ್ರತೆಯಾಗ ಬರದ ಸ್ಥಿರಾಂಕ) ಸಂಬಂಧ ಬರ್ತೈತಲ್ರಿ, ಅಲ್ಲಿ ಆರ್‌ಟಿ ಎಲ್ಲಿಂದ ಬಂತೋ ಅಂತ ಕೇಳಿದ್ರ ಹುಡುಗ್ರು ಸುಮ್ನ ನನ್ನ ಮಾರಿ ನೋಡ್ತಾರ. ಅದು ಪಿವಿ = ಎನ್‌ಆರ್‌ಟಿಯಿಂದ (ಒತ್ತಡ × ಗಾತ್ರ = ಮೋಲ್, ಅಂದ್ರ ಕಣಗಳ ಎಣಿಕಿ × ಆರ್ ಅನ್ನೂ ಸ್ಥಿರ ಸಂಖ್ಯೆ × ಟೆಂಪರೇಚರ್) ಬಂದಿದ್ದು, ಒಂದ ಲೈನಿನ ಕೆಲಸ, ಆದ್ರ ಆ ಲೈನ್ ಕಲಿಸೂ ಜಾಗನ ಈಗ ಇಲ್ಲ, ಹಿಂಗಾಗಿ ಬಾಯಿಪಾಠ ಮಾಡ್ತಾರ.

ಬಾಯ್ಲ್‌ಂದು ಸಸಾರ ಐತಿ, ಬೇಗ ಹೇಳಿ ಬಿಡ್ತೀನಿ. 1662ರಾಗ ರಾಬರ್ಟ್ ಬಾಯ್ಲ್ ಒಂದು ಕಡೆ ಮುಚ್ಚಿದ ಬಾಗಿದ ಗಾಜಿನ ಕೊಳವಿಯೊಳಗ ಪಾದರಸ ಸುರದು, ಒಳಗ ಸಿಕ್ಕೊಂಡ ಗಾಳಿ ಒತ್ತಡ ಡಬಲ್ ಆದಂಗ ಅರ್ಧಕ್ಕ ಇಳೀತೈತಿ ಅಂತ ಅಳದು ತೋರಿಸಿದ, ಟೆಂಪರೇಚರ್ ಮಾತ್ರ ಬದಲಾಗಬಾರದು ಅಷ್ಟ. ಅಂಕೋಲಾದಾಗ ಒಂದು ಚಿಪ್ಸ್ ಪ್ಯಾಕೆಟ್ ತಗೊಂಡು ಅರಬೈಲ್ ಘಾಟ್ ಹತ್ತಿ ಯಲ್ಲಾಪುರದ ಮ್ಯಾಲ ಹುಬ್ಬಳ್ಳಿಗೆ ಬರ್ರಿ, ಬರೂ ಹೊತ್ತಿಗೆ ಅದು ಉಬ್ಬಿ ಗಟ್ಟಿ ಆಗಿರ್ತೈತಿ. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ ಆರುನೂರು ಮೀಟರಿನ ಮ್ಯಾಲ ಐತಿ, ಇಲ್ಲಿ ಹೊರಗಿನ ಗಾಳಿ ಒತ್ತಡ ಶೇಕಡಾ 7ರಷ್ಟು ಕಡಿಮಿ, ಅದಕ್ಕ.

ಹುಡುಗ್ರು ನಿಜವಾಗಿ ಎಡವೂದು ಸೊನ್ನಿ ಎಲ್ಲಿಂದ ಎಣಿಸಬೇಕು ಅನ್ನೂದ್ರಾಗ. ಟೆಂಪರೇಚರ್ ಕೆಲ್ವಿನ್‌ದಾಗ ಇರಬೇಕು ಅಂತ ಎಲ್ಲಾರಿಗೂ ಗೊತ್ತಿರ್ತೈತಿ, ಸೆಲ್ಸಿಯಸ್ಸಿಗೆ 273 ಕೂಡಿಸ್ತಾರ, ಯಾಕ ಅಂತ ಕೇಳಿದ್ರ ಗೊತ್ತಿರಂಗಿಲ್ಲ. ಚಾರ್ಲ್ಸ್ 1787ರ ಸುಮಾರಿಗೆ ನೋಡಿದ್ದನ್ನ ಗೇ-ಲುಸಾಕ್ 1802ರಾಗ ಅಳದು ಪ್ರಕಟ ಮಾಡಿದ, ಯಾವ ಗ್ಯಾಸ್ ತಗೊಂಡು ಬಿಸಿ ಮಾಡಿದ್ರೂ ಒಂದ ಪ್ರಮಾಣದಾಗ ಹಿಗ್ಗತೈತಿ, ಟೆಂಪರೇಚರಿಗೆ ಗಾತ್ರ ಎಷ್ಟ ಅಂತ ತೋರಿಸೂ ಗೆರಿ ಗಾತ್ರ ಸೊನ್ನಿ ಆಗೂತನಕ ಹಿಂದಕ್ಕ ಎಳಕೋತ ಹೋದ್ರ ಎಲ್ಲಾವೂ ಮೈನಸ್ 273.15 ಡಿಗ್ರಿ ಸೆಲ್ಸಿಯಸ್ಸಿಗೆ ಬಂದು ಕೂಡ್ತಾವ. ಅದ ಖರೆ ಸೊನ್ನಿ, ಕೆಲ್ವಿನ್ ಎಣಿಸೂದು ಅಲ್ಲಿಂದನ. ಒತ್ತಡಕ್ಕೂ ಹಂಗ ಒಂದು ಖರೆ ಸೊನ್ನಿ ಐತಿ, ಅಂದ್ರ ಗಾಳಿನ ಇಲ್ಲದ ಖಾಲಿ ಜಾಗ, ಅದನ್ನ ಮಾತ್ರ ಯಾರೂ ನೆನಪ ಇಡಂಗಿಲ್ಲ.

ಟಾಯರ್ ನೋಡ್ರಿ. ಗಾಳಿ ಹಾಕೂ ಅಂಗಡ್ಯಾಗ ಮೀಟರ್ 33 ತೋರಿಸ್ತು ಅಂದ್ರ ಅದು ಹೊರಗಿನ ಗಾಳಿಗಿಂತ 33 ಪಿಎಸ್‌ಐ (ಒತ್ತಡದ ಒಂದು ಅಳತಿ) ಹೆಚ್ಚು ಅಂತ ಅರ್ಥ, ಧಾರವಾಡದಾಗ ಹೊರಗಿಂದು ಸುಮಾರು 13.5, ಅಂದ್ರ ಒಳಗ ಖರೆ ಒತ್ತಡ 46.5. ಮುಂಜಾನೆ ಟಾಯರ್ 27 ಡಿಗ್ರಿ, ಅಂದ್ರ 300 ಕೆಲ್ವಿನ್. ಏಪ್ರಿಲ್ ಬಿಸಲಾಗ ಬೈಪಾಸ್ ಮ್ಯಾಲ ಹೊಡದು ಒಳಗಿನ ಗಾಳಿ 57 ಡಿಗ್ರಿ ಆತು ಅಂತ ಇಟ್ಕೋರಿ, 330 ಕೆಲ್ವಿನ್, ಶೇಕಡಾ 10 ಹೆಚ್ಚು. ಟಾಯರ್ ಅಷ್ಟೇನು ಹಿಗ್ಗಂಗಿಲ್ಲ, ಹಿಂಗಾಗಿ ಒತ್ತಡನೂ ಶೇಕಡಾ 10 ಏರಿ 51 ದಾಟ್ತೈತಿ, ಮೀಟರ್ ಮ್ಯಾಲ 37.6ರ ಆಸುಪಾಸು. ಸೆಲ್ಸಿಯಸ್‌ದಾಗ 27 ಇದ್ದಿದ್ದು 57 ಆತು ಅಂತ ಒತ್ತಡನೂ ಡಬಲ್ ಆಗಿದ್ರ ಬ್ಯಾಸಗ್ಯಾಗ ರೋಡ್ ತುಂಬ ಟಾಯರ್ ಒಡೀತಿದ್ವು. ಅದಕ್ಕ ಗಾಡಿ ಬುಕ್ಕಿನಾಗ ಕೊಟ್ಟ ನಂಬರ್ ತಣ್ಣಗಿದ್ದ ಟಾಯರಿಂದು, ಬಿಸಿ ಟಾಯರ್ ಮೀಟರ್ ನೋಡಿ ಗಾಳಿ ಬಿಡಬ್ಯಾಡ್ರಿ.

ಇನ್ನ ನನಗ ಎಲ್ಲಾಕ್ಕಿಂತ ಸೇರೂ ವಿಷಯ ಅಡಗಿ ಮನಿ ಸಿಲಿಂಡರ್. ತಂಗಿ ಮಗಳು ಫಸ್ಟ್ ಪಿಯು, ಒಂದಿನ ಕೇಳಿದ್ಲು, 'ಮಾಮಾ, ಪಿವಿ = ಎನ್‌ಆರ್‌ಟಿ ಅಂತೀ, ಹಂಗಾದ್ರ ಸಿಲಿಂಡರ್ ಮ್ಯಾಲ ಒಂದು ಮೀಟರ್ ಕೂಡಿಸಿದ್ರ ಎಷ್ಟ ಗ್ಯಾಸ್ ಉಳದೈತಿ ಅಂತ ಗೊತ್ತಾಗ್ತೈತಿ ಅಲ್ಲೇನ, ಅವ್ವ ಯಾಕ ಎತ್ತಿ ಅಲ್ಲಾಡಿಸಿ ನೋಡ್ತಾಳ?' ಇಂಥಾ ಪ್ರಶ್ನೆ ಕೇಳೂ ಹುಡುಗ್ರಿಗೆ ಚಾಪ್ಟರ್ ಇಲ್ಲ ಅಂತ ಹೆಂಗ ಹೇಳೂದ್ರಿ.

ಅವ್ವ ಅಲ್ಲಾಡಿಸೂದ ಬರೋಬ್ಬರಿ ಐತಿ. ಒಳಗ ಇರೂದು ಬರೇ ಗ್ಯಾಸ್ ಅಲ್ಲ, ಪ್ರೊಪೇನು ಬ್ಯೂಟೇನು ಕೂಡಿದ ದ್ರವ, ಅದರ ಮ್ಯಾಲ ಸ್ವಲ್ಪ ಆವಿ. ನಾವು ಒಲಿ ಹಚ್ಚಿ ಆವಿ ತಗದಂಗ ಕೆಳಗಿನ ದ್ರವ ಕುದ್ದು ಆ ಜಾಗ ತುಂಬತೈತಿ, ಹಿಂಗಾಗಿ ದ್ರವ ಇರೂತನಕ ಒತ್ತಡ ಟೆಂಪರೇಚರ್ ಹೇಳಿದಂಗ ಇರ್ತೈತಿ, 14 ಕಿಲೋ ಇದ್ರೂ ಹೆಚ್ಚುಕಡಿಮಿ ಅಷ್ಟ, 2 ಕಿಲೋ ಇದ್ರೂ ಅಷ್ಟ. ಮೀಟರ್ ಕೂಡಿಸಿದ್ರ ಅದು ಹವಾ ಎಷ್ಟ ಬಿಸಿ ಐತಿ ಅಂತ ಹೇಳೀತು, ಗ್ಯಾಸ್ ಎಷ್ಟ ಐತಿ ಅಂತ ಅಲ್ಲ. ಕಡೀ ಹನಿ ದ್ರವ ಹೋದ ಮ್ಯಾಲನ ಗ್ಯಾಸ್ ಲಾ ಕೆಲಸಕ್ಕ ಬರೂದು. ಸಿಲಿಂಡರಿನ ಒಳಗಿನ ಜಾಗ 33.3 ಲೀಟರ್, ಒತ್ತಡ ಒಂದು 5 ಬಾರ್ (ಹೊರಗಿನ ಗಾಳಿಯ ಒತ್ತಡದ ಸುಮಾರು ಐದು ಪಟ್ಟು) ಅಂತ ಹಿಡೀರಿ, 300 ಕೆಲ್ವಿನ್, ಲೆಕ್ಕ ಮಾಡಿದ್ರ ಆರೂವರಿ ಏಳು ಮೋಲ್, ತೂಕದಾಗ ಮೂರ್ನಾಲ್ಕು ನೂರು ಗ್ರಾಂ. 14.2 ಕಿಲೋದಾಗ ಮೀಟರಿಗೆ ಕಾಣೂದು ಇಷ್ಟ! ಉರಿ ದಿನಾ ಸಣ್ಣ ಆಗ್ದ ಒಮ್ಮೆಲೆ ಬಿದ್ದು ಹೋಗೂದು ಇದಕ್ಕ, ಅದೂ ಮನಿಗೆ ಮಂದಿ ಬಂದಾಗನ. ಹಿಂಗಾಗಿ ತೂಕನ ಗತಿ, ಖಾಲಿ ಸಿಲಿಂಡರಿನ ತೂಕ ಮ್ಯಾಲಿನ ಪಟ್ಟಿ ಮ್ಯಾಲ ಬರದಿರ್ತಾರ, ಅದಕ್ಕ 14.2 ಕೂಡಿಸಿ ಡಿಲಿವರಿ ಹುಡುಗನ ತಕ್ಕಡಿಗೆ ತೂಗಾಕ ಹಚ್ಚರಿ.

ಮದವಿ ಮನ್ಯಾಗ ಅಡಗಿಯವ್ರ ದೊಡ್ಡ ಸಿಲಿಂಡರ್ ಮೈ ಬೆವತು, ಒಮ್ಮೊಮ್ಮೆ ಹಿಮ ಕಟ್ಟಿದ್ದು ನೋಡಿರ್ತೀರಿ. ದ್ರವ ಆವಿ ಆಗಾಕ ಶಾಖ ಬೇಕು, ಜೋರ್ ಉರಿ ಹಚ್ಚಿದ್ರ ಅದು ಸಿಲಿಂಡರಿಂದನ ಹೀರಕೋತೈತಿ, ಸಿಲಿಂಡರ್ ತಣ್ಣಗಾತು ಅಂದ್ರ ಒತ್ತಡ ಬಿತ್ತು, ಉರಿ ಇಳೀತು. ಆಗ ಯಾರರ ಬೆಂಕಿ ಹತ್ರ ಸರಿಸಾಕ ಹೋದ್ರ ದಯವಿಟ್ಟು ತಡೀರಿ, ಇನ್ನೊಂದು ಸಿಲಿಂಡರ್ ಜೋಡಿಸೂದ ಸರಿಯಾದ ದಾರಿ.

ಆಕ್ಸಿಜನ್ ಸಿಲಿಂಡರಿಂದು ಇದರ ತದ್ವಿರುದ್ಧ, ಒಳಗ ದ್ರವ ಇಲ್ಲ, ಬರೇ ಗ್ಯಾಸ್, ಹಿಂಗಾಗಿ ಮೀಟರ್ ನೋಡೇ ಎಷ್ಟ ಉಳದೈತಿ ಅಂತ ಹೇಳಬಹುದು. 2021ರ ಕೊರೋನಾ ಎರಡನೇ ಅಲಿಯಾಗ ಇದನ್ನ ಮನಿ ಮಂದಿ ಕಲೀಬೇಕಾತು. 10 ಲೀಟರಿನ ಬಿ ಟೈಪ್ ಸಿಲಿಂಡರಿನಾಗ 150 ಬಾರ್ ಇದ್ರ, ಬಾಯ್ಲ್ ಹೇಳಿದಂಗ ಹೊರಗ ಬಂದ್ರ ಸುಮಾರು 1500 ಲೀಟರ್, ನಿಮಿಷಕ್ಕ 5 ಲೀಟರಿನಂಗ 5 ತಾಸು. ಮುಳ್ಳು 50ಕ್ಕ ಇಳೀತು ಅಂದ್ರ 500 ಲೀಟರ್, 100 ನಿಮಿಷ. ಇಷ್ಟ ಲೆಕ್ಕ, ಆದ್ರ ಮಂಚದ ಬಾಜೂ ಕುಂತವ್ರಿಗೆ ರಾತ್ರಿ ಎರಡಕ್ಕ ಮುಂದಿನ ಸಿಲಿಂಡರಿಗೆ ಯಾವಾಗ ಫೋನ್ ಹಚ್ಚಬೇಕು ಅಂತ ಹೇಳೂದು ಅದ ಲೆಕ್ಕ.

ಎರಡೂ ಕಬ್ಬಿಣದ ಸಿಲಿಂಡರ್, ಎರಡರಾಗೂ ಒತ್ತಡ, ಮತ್ತ ಫರಕ್ ಯಾಕ? ಕ್ರಿಟಿಕಲ್ ಟೆಂಪರೇಚರ್. ಆಕ್ಸಿಜನ್ನಿಂದು ಮೈನಸ್ 118 ಡಿಗ್ರಿ ಹತ್ರ, ಅದರ ಮ್ಯಾಲ ಎಷ್ಟ ಒತ್ತಿದ್ರೂ ದ್ರವ ಆಗಂಗಿಲ್ಲ. ಪ್ರೊಪೇನ್‌ದು 96ರ ಮ್ಯಾಲ, ಬ್ಯೂಟೇನ್‌ದು 152, ನಮ್ಮ ಅಡಗಿ ಮನಿ ಅದಕ್ಕಿಂತ ಭಾಳ ತಣ್ಣಗ, ಸ್ವಲ್ಪ ಒತ್ತಿದ್ರ ದ್ರವ. ಇದೂ ಆ ತಗದ ಚಾಪ್ಟರಿನಾಗ ಇತ್ತು.

ಇವೆರಡರ ನಡಬರಕ ನಿಂತಿದ್ದು ಕಾರ್ಬನ್ ಡೈಆಕ್ಸೈಡ್. ಅದರ ಕ್ರಿಟಿಕಲ್ ಟೆಂಪರೇಚರ್ 31 ಡಿಗ್ರಿ, 1869ರಾಗ ಥಾಮಸ್ ಆಂಡ್ರೂಸ್ ತೋರಿಸಿದ್ದು. ಆಫೀಸಿನಾಗ, ಲ್ಯಾಬಿನಾಗ ತೂಗ ಹಾಕಿರ್ತಾರಲ್ಲ ಕರೀ ಕಹಳಿ ಇದ್ದ ಬೆಂಕಿ ಆರಿಸೂ ಸಿಲಿಂಡರ್, ಅದರ ಮ್ಯಾಲ ಮೀಟರ್ ಇರಂಗಿಲ್ಲ, ತೂಕ ಮಾಡೇ ಚೆಕ್ ಮಾಡ್ತಾರ. ಡಿಸೆಂಬರ್ ಮುಂಜಾನೆ ಹುಬ್ಬಳ್ಳ್ಯಾಗ ಅದರೊಳಗ ದ್ರವ ಇರ್ತೈತಿ, ಏಪ್ರಿಲ್ ಮಧ್ಯಾಹ್ನ 38 ಡಿಗ್ರಿಗೆ ದ್ರವ ಯಾವುದು ಗ್ಯಾಸ್ ಯಾವುದು ಅನ್ನೂ ಗೆರಿನ ಅಳಿಸಿ ಹೋಗಿರ್ತೈತಿ, ತೂಕ ಮಾತ್ರ ಎರಡೂ ದಿನ ಅಷ್ಟ.