ಅಲೆ ಎಣಿಸಿದ ಎರಡು ಬೆಳಗು

ರಾತ್ರಿಯಿಡೀ ಪ್ರಯಾಣ ಮಾಡಿ ಕಡಲ ದಂಡೆಗೆ ಬಂದಾಗ ಇನ್ನೂ ಬೆಳಕು ಹರಿದಿರಲಿಲ್ಲ. ನೀರು ಕಾಣಿಸುವ ಮೊದಲೇ ಅದರ ಮೊರೆತ ಕೇಳಿಸಿತು. ಮಗಳು ಅಲೆಯ ಪಾಠ ಓದಿದ್ದಳು, ಕಡಲು ನೋಡಿರಲಿಲ್ಲ. ಅದಕ್ಕೇ ಈ ಪ್ರವಾಸ.

ಬೆಳಕಾದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಗಾಳಿ ಇಲ್ಲವೇ ಇಲ್ಲ. ಆದರೂ ದೊಡ್ಡ ದೊಡ್ಡ ಅಲೆಗಳು ಸಾಲಾಗಿ ಬರುತ್ತಿವೆ.

"ಅಪ್ಪಾ, ಇಷ್ಟೊಂದು ನೀರು ಬರ್ತಾನೇ ಇದ್ರೆ ದಡ ಮುಳುಗಬೇಕಲ್ವಾ?"

ನಾನು ಉತ್ತರ ಹೇಳಲಿಲ್ಲ. ಅಲೆ ಒಡೆಯುವ ಜಾಗದಿಂದ ಆಚೆ ಒಂದು ಮರದ ತುಂಡು ತೇಲುತ್ತಿತ್ತು, ಅದನ್ನು ತೋರಿಸಿದೆ. ಅಲೆ ಬಂದಾಗ ತುಂಡು ಮೇಲೇರಿ ಸ್ವಲ್ಪ ಮುಂದೆ ಬಂತು. ಅಲೆ ದಾಟಿದ ಮೇಲೆ ಕೆಳಗಿಳಿದು ಹಿಂದಕ್ಕೆ ಹೋಯಿತು. ಅರ್ಧ ಗಂಟೆ ನೋಡಿದೆವು. ನೂರಕ್ಕೂ ಹೆಚ್ಚು ಅಲೆಗಳು ದಾಟಿದರೂ ತುಂಡು ಹೆಚ್ಚುಕಡಿಮೆ ಅಲ್ಲೇ ಇತ್ತು. ನೀರು ಬರುತ್ತಿಲ್ಲ, ನೀರಿನ ಅಲುಗಾಟ ಬರುತ್ತಿದೆ! ಅವಳ ಮುಖ ಅರಳಿದ್ದು ನೋಡಿ ರಾತ್ರಿಯ ನಿದ್ದೆಗೇಡು ಮರೆತೇಹೋಯಿತು.

ಆಮೇಲೆ ಎಣಿಕೆ. ಒಂದು ಅಲೆಯ ನೆತ್ತಿ ತುಂಡನ್ನು ದಾಟಿದಾಗ ಗಡಿಯಾರ ಶುರು ಮಾಡಿದೆವು. ಹನ್ನೊಂದನೆಯ ನೆತ್ತಿ ಬರುವಷ್ಟರಲ್ಲಿ 140 ಸೆಕೆಂಡ್. ಅಂದರೆ ಎರಡು ನೆತ್ತಿಗಳ ನಡುವೆ 14 ಸೆಕೆಂಡ್. ಇದೊಂದು ಸಂಖ್ಯೆ ಸಿಕ್ಕರೆ ಆಳ ಕಡಲಿನ ಲೆಕ್ಕ ಸುಲಭ. ಅಲ್ಲಿ ಈ ಅಲೆಯ ಉದ್ದ, ಅಂದರೆ ಎರಡು ನೆತ್ತಿಗಳ ನಡುವಿನ ದೂರ, ಸುಮಾರು 300 ಮೀಟರ್, ವೇಗ ಗಂಟೆಗೆ ಸುಮಾರು 80 ಕಿಲೋಮೀಟರ್. ದಡದ ಹತ್ತಿರ ನೆಲ ಅಡ್ಡ ಬರುತ್ತದೆ. 5 ಮೀಟರ್ ಆಳಕ್ಕೆ ಬಂದಾಗ ವೇಗ ಸೆಕೆಂಡಿಗೆ 7 ಮೀಟರ್ ಅಷ್ಟೇ. ಆದರೆ 14 ಸೆಕೆಂಡಿನ ಅಂತರ ಬದಲಾಗುವುದಿಲ್ಲ. ಹಾಗಾಗಿ ಅಲೆಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ಎತ್ತರವಾಗುತ್ತವೆ, ಕೊನೆಗೆ ತಲೆ ಮುಂದಾಗಿ ಒಡೆಯುತ್ತವೆ. ಓರೆಯಾಗಿ ಬಂದ ಅಲೆ ದಡದ ಕಡೆ ತಿರುಗುವುದೂ ಇದರಿಂದಲೇ. ಆಳ ಕಡಿಮೆ ಇರುವ ಕಡೆಯ ತುದಿ ನಿಧಾನವಾಗುತ್ತದೆ, ಇನ್ನೊಂದು ತುದಿ ಸುತ್ತಿ ಬರುತ್ತದೆ. ಬೆಳಕು ಗಾಜಿನೊಳಗೆ ಬಾಗುವುದೂ ವೇಗ ಬದಲಾಗುವುದರಿಂದಲೇ. ಅದನ್ನು ಬರಿಗಣ್ಣಿನಲ್ಲಿ, ಇಷ್ಟು ದೊಡ್ಡದಾಗಿ ನೋಡುವುದು ನನಗೂ ಮೊದಲು.

ಗಾಳಿ ಇಲ್ಲದ ದಂಡೆಗೆ ಅಲೆ ಎಲ್ಲಿಂದ ಬರುತ್ತದೆ ಎಂದು ತಿಳಿಸಲು, ಸಂಜೆ ಮರಳಿನ ಮೇಲೆ ಕೂತು ಕಡಲ ವಿಜ್ಞಾನಿ ವಾಲ್ಟರ್ ಮಂಕ್ ಕಥೆ ಹೇಳಿದೆ. 1963ರಲ್ಲಿ ಅವರ ತಂಡ ದಕ್ಷಿಣ ಮಹಾಸಾಗರದ ಬಿರುಗಾಳಿಗಳು ಎಬ್ಬಿಸಿದ ಅಲೆಗಳನ್ನು ಅಲಾಸ್ಕಾದವರೆಗೆ ಅಳೆಯುತ್ತಾ ಹಿಂಬಾಲಿಸಿತು. 10,000 ಕಿಲೋಮೀಟರಿಗೂ ಜಾಸ್ತಿ ದಾರಿ! ಉದ್ದದ ಅಲೆಗಳಿಗೆ ವೇಗ ಜಾಸ್ತಿ, ಅವು ಮೊದಲು ತಲುಪುತ್ತವೆ. ಕಡಿಮೆ ಉದ್ದದ, ಅಂದರೆ ನೆತ್ತಿಗಳ ನಡುವೆ ಕಡಿಮೆ ಸೆಕೆಂಡಿನ, ಅಲೆಗಳು ಹಿಂದೆ ಬೀಳುತ್ತವೆ.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಗಡಿಯಾರ ಹಿಡಿದು ದಂಡೆಯಲ್ಲಿದ್ದಳು. ಮೂರು ಸಲ ಎಣಿಸಿದ್ದಳಂತೆ.

"ಅಪ್ಪಾ, 12 ಸೆಕೆಂಡ್! ಹಿಂದೆ ಬಿದ್ದಿದ್ದವು ಬಂದ್ವು."